ನೊಬುನಾಗನಾಗಿ ಆಡಬೇಡಿ

'ನೊಬುನಾಗಾಸ್ ಆಂಬಿಷನ್' ಅನ್ನೋ ವಿಡಿಯೋ ಗೇಮ್ ಆಡ್ತೀನಿ ಅಂತ ಯಾರಿಗಾದರೂ ಹೇಳಿದರೆ ಸಾಕು, ಸ್ವಲ್ಪ ಹೊತ್ತಿಗೇ ಈ ಪ್ರಶ್ನೆ ಬರುತ್ತದೆ: "ನಾನೂ ಶುರು ಮಾಡಬೇಕು, ಯಾವ ದೊರೆಯನ್ನು ಆರಿಸಿಕೊಳ್ಳಲಿ?" ಕೇಳುವಾಗಲೇ ಅವರ ಮನಸ್ಸಿನಲ್ಲಿ ಉತ್ತರ ಇರುತ್ತದೆ. ಆಟದ ಹೆಸರಲ್ಲೇ ಹದಿನಾರನೇ ಶತಮಾನದ ಜಪಾನಿನ ದೊರೆ ನೊಬುನಾಗ ಇದ್ದಾನೆ, ಅವನೇ ಹೀರೋ ಅಲ್ವಾ?

ಅವನನ್ನು ಬಿಡಿ. ಅದೇ ಕಾಲದ ಇನ್ನೊಬ್ಬ ದೊರೆ ತಾಕೆದಾ ಶಿಂಗೆನ್‌ನನ್ನು ಹಿಡಿಯಿರಿ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಜಪಾನಿನ ಕೋಯಿ ಕಂಪನಿ 1983ರಲ್ಲಿ ತಂದ ಆಟ. ಮಾಡಿದವರು ಕಂಪನಿ ಕಟ್ಟಿದ ಯೋಇಚಿ ಎರಿಕಾವಾ. ಆಟಗಳಲ್ಲಿ ಮಾತ್ರ ಅವರ ಹೆಸರು ಕೋ ಶಿಬುಸಾವಾ ಅಂತ ಇರುತ್ತದೆ. (ಈ ಕಂಪನಿ ಮೊದಲು ಬಟ್ಟೆಗೆ ಹಾಕುವ ಬಣ್ಣದ ವ್ಯಾಪಾರ ಮಾಡುತ್ತಿತ್ತು!) ನಾನಿಲ್ಲಿ ಹೇಳುತ್ತಿರುವುದು 1989ರಲ್ಲಿ ಅಮೆರಿಕದಲ್ಲಿ ನಿಂಟೆಂಡೊ ಗೇಮ್ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಬಂದ ಆವೃತ್ತಿಯ ಬಗ್ಗೆ. ಆಟ ಶುರುವಾಗುವುದು 1560ರಲ್ಲಿ. ಜಪಾನ್ ಚೂರುಚೂರಾಗಿದೆ, ಸೀಮೆಗೊಬ್ಬ ದೊರೆ. ಎಲ್ಲವನ್ನೂ ಒಬ್ಬನೇ ಗೆಲ್ಲಬೇಕು. ಒಂದು ಸರದಿ ಅಂದರೆ ಒಂದು ಋತು, ವರ್ಷಕ್ಕೆ ನಾಲ್ಕು. ಒಂದು ಋತುವಿನಲ್ಲಿ ಒಂದು ಸೀಮೆಗೆ ಒಂದೇ ಆಜ್ಞೆ.

ಆ ಕೊನೆಯ ನಿಯಮದಲ್ಲೇ ಎಲ್ಲ ಇದೆ. ವಸಂತದಲ್ಲಿ ಸೈನಿಕರನ್ನು ಸೇರಿಸಿಕೊಂಡರೆ ಗದ್ದೆ ಕೆಲಸ ನಿಂತಿತು. ಗದ್ದೆ ಮಾಡಿಸಿದರೆ ಸೈನ್ಯಕ್ಕೆ ತರಬೇತಿ ಇಲ್ಲ. ಪಕ್ಕದವನ ಜೊತೆ ಒಪ್ಪಂದಕ್ಕೆ ಆಳು ಕಳಿಸಿದರೆ ಎರಡೂ ಇಲ್ಲ.

ಈಗ ನೊಬುನಾಗನ ಸ್ಥಿತಿ ನೋಡಿ. ಅವನ ಒವಾರಿ ಸೀಮೆ ನಕ್ಷೆಯ ನಟ್ಟನಡುವೆ ಇದೆ. ಯಾವ ಕಡೆ ತಿರುಗಿದರೂ ಒಬ್ಬ ಶತ್ರು. ನಿಜವಾದ ನೊಬುನಾಗ 1560ರಲ್ಲಿ ಒಕೆಹಜಾಮಾದಲ್ಲಿ ಪೂರ್ವ ದಿಕ್ಕಿನ ದೊರೆ ಇಮಾಗಾವಾ ಯೋಶಿಮೋತೊನ ದೊಡ್ಡ ಸೈನ್ಯದ ಮೇಲೆ ಸಣ್ಣ ದಂಡು ಕಟ್ಟಿಕೊಂಡು ಬಿದ್ದ. ಜೋರು ಮಳೆ ಬಂದು ನಿಂತ ಹೊತ್ತು, ನೇರ ಯೋಶಿಮೋತೊ ಇದ್ದಲ್ಲಿಗೇ ನುಗ್ಗಿ ಅವನ ತಲೆ ತೆಗೆಸಿದ. ಆಟದಲ್ಲೂ ದೊರೆ ಇರುವ ತುಕಡಿ ನಾಶವಾದರೆ ಯುದ್ಧ ಅಲ್ಲಿಗೇ ಮುಗಿಯುತ್ತದೆ, ಹಾಗಾಗಿ ಇಂಥ ಜೂಜಿಗೆ ಜಾಗ ಇದೆ. ಆದರೆ ಆ ಮಳೆ ನಿಮಗೆ ಸಿಗಲ್ಲ. ಹೊಸಬರು ಅವನನ್ನು ಆರಿಸಿಕೊಂಡು ಮೊದಲ ವರ್ಷದಲ್ಲೇ ಸೀಮೆ ಕಳೆದುಕೊಳ್ಳುತ್ತಾರೆ, ಆಮೇಲೆ ಆಟ ಕೆಟ್ಟದ್ದು ಅಂತಾರೆ.

ಬಲ್ಲವರು ಸಾಮಾನ್ಯವಾಗಿ ಹೇಳುವುದು ಮೂಲೆ ಹಿಡಿಯಿರಿ ಅಂತ. 50 ಸೀಮೆಗಳ ದೊಡ್ಡ ನಕ್ಷೆಯಲ್ಲಿ ಅದು ಸತ್ಸುಮಾದ ಶಿಮಾಜು ಮನೆತನ, ನೈಋತ್ಯದ ತುದಿ. ಬೆನ್ನಿಗೆ ಸಮುದ್ರ, ಕಾಯಬೇಕಾದ ಗಡಿ ಕಡಿಮೆ. ಸಲಹೆ ತಪ್ಪಲ್ಲ. ಇತಿಹಾಸದಲ್ಲೂ ಶಿಮಾಜುಗಳು ಹಾಗೇ ಬೆಳೆದು ಹೆಚ್ಚುಕಡಿಮೆ ಇಡೀ ಕ್ಯೂಶೂ ದ್ವೀಪವನ್ನೇ ನುಂಗಿದ್ದರು, 1587ರಲ್ಲಿ ನೊಬುನಾಗನ ನಂತರ ಅಧಿಕಾರ ಹಿಡಿದ ಹಿದೆಯೋಶಿ ದೊಡ್ಡ ಸೈನ್ಯ ತಂದು ಬಗ್ಗಿಸುವವರೆಗೆ. ಸತ್ಸುಮಾದ ದಕ್ಷಿಣಕ್ಕಿರುವ ತಾನೆಗಾಶಿಮಾ ದ್ವೀಪಕ್ಕೇ 1543ರಲ್ಲಿ ಪೋರ್ಚುಗೀಸರ ಮೂಲಕ ಬಂದೂಕು ಬಂದದ್ದು. ಗೋವಾದಲ್ಲಿ ಕೂತು ವಿಜಯನಗರಕ್ಕೆ ಕುದುರೆ ಮಾರುತ್ತಿದ್ದರಲ್ಲ, ಅದೇ ಪೋರ್ಚುಗೀಸರು. ಅಂದಹಾಗೆ ತಾಳಿಕೋಟೆ ಯುದ್ಧ ನಡೆದದ್ದು 1565ರಲ್ಲಿ, ಈ ಆಟ ಶುರುವಾಗಿ ಐದು ವರ್ಷಕ್ಕೆ. ಇರಲಿ. ಮೂಲೆಯಲ್ಲಿ ಕೂತವರಿಗೆ ಭಯ ಇರಲ್ಲ, ಭಯ ಇಲ್ಲದಿದ್ದರೆ ಈ ಆಟದಲ್ಲಿ ಬೇಜಾರು ಬೇಗ ಬರುತ್ತದೆ. ಅಷ್ಟೇ ನನ್ನ ತಕರಾರು.

ಶಿಂಗೆನ್‌ನ ಕಾಯ್ ಸೀಮೆ ಬೇರೆ ಥರ. ಸುತ್ತ ಬೆಟ್ಟ, ಕಡಲಿಲ್ಲ. ನಡುವಿನ ಬಟ್ಟಲಿಗೆ ಬೆಟ್ಟದ ನದಿಗಳು ರಭಸವಾಗಿ ಇಳಿಯುತ್ತವೆ, ಮಳೆ ಜಾಸ್ತಿಯಾದರೆ ಗದ್ದೆ ಊರು ಎಲ್ಲ ನೀರುಪಾಲು. ಕಾಮಾನಾಶಿ ನದಿಗೆ ಶಿಂಗೆನ್ ಕಟ್ಟಿಸಿದ ಏರಿ ಇಂದಿಗೂ ಅವನ ಹೆಸರಲ್ಲೇ ಇದೆ. ಏರಿಯಲ್ಲಿ ಅಲ್ಲಲ್ಲಿ ಬೇಕಂತಲೇ ಬಾಯಿ ಬಿಡುವ ಒಂದು ವಿಧಾನ ಇತ್ತು. ಉಕ್ಕಿದ ನೀರು ಅಲ್ಲಿಂದ ಹಿಂದಕ್ಕೆ ಹರಡಿಕೊಂಡು, ನದಿ ಇಳಿದ ಮೇಲೆ ಮತ್ತೆ ನದಿಗೇ ಸೇರುತ್ತದೆ. ಏರಿಯ ಹತ್ತಿರ ಬಂದು ನೆಲೆಸುವ ಜನರಿಗೆ ಅವನು ಮನೆ ತೆರಿಗೆ ಬಿಟ್ಟುಕೊಟ್ಟಿದ್ದ. ಏರಿ ನೋಡಿಕೊಳ್ಳಲು ಜನ ಬೇಕಲ್ಲ!

ಆಟದಲ್ಲಿ ಏರಿ ಕಟ್ಟಿಸುವುದು ಬೇರೆಯೇ ಒಂದು ಆಜ್ಞೆ, ಹೊಸಬರು ಅದನ್ನು ಮುಟ್ಟುವುದೇ ಇಲ್ಲ. ಒಂದು ಋತು ಪೂರ್ತಿ ಕೊಟ್ಟರೂ ಪರದೆಯ ಮೇಲೆ ಒಂದು ಅಂಕಿ ಸ್ವಲ್ಪ ಏರುತ್ತದೆ, ಅಷ್ಟೇ. ಆದರೆ ಚಂಡಮಾರುತ ಬಂದಾಗ ಆ ಅಂಕಿ ಇಲ್ಲದವನ ಬೆಳೆ ಹೋಗುತ್ತದೆ. ಆದಾಯ ಕೈಗೆ ಬರುವುದು ಶರತ್ಕಾಲದಲ್ಲಿ ಒಮ್ಮೆ ಮಾತ್ರ. ಆಗ ಬಂದ ಭತ್ತದಲ್ಲೇ ಸೈನ್ಯ ಉಣ್ಣಬೇಕು, ದುಡ್ಡು ಸಾಲದಿದ್ದರೆ ಅದನ್ನೇ ಮಾರಬೇಕು. ದಂಡಯಾತ್ರೆಗೆ ಒಯ್ದ ಅಕ್ಕಿ ಖಾಲಿಯಾದರೆ ಎಷ್ಟು ಜನ ಇದ್ದರೂ ಸೋಲು. ಸಾಲದೆ ಬಂತು ಅಂತ ಕಂದಾಯ ಏರಿಸಿದಿರೋ, ರೈತರು ದಂಗೆ ಏಳುತ್ತಾರೆ. ವರ್ತಕನ ಹತ್ತಿರ ಸಾಲ ಮಾಡಬಹುದು. ಅವನು ಬೇಕಾದಾಗ ಊರಲ್ಲಿ ಇರಲ್ಲ, ಅದು ಬೇರೆ ಮಾತು.

ಕಾಯ್‌ನಲ್ಲಿ ಇದನ್ನೆಲ್ಲ ಕಲಿಯದೆ ಗತಿಯಿಲ್ಲ. ಮೊದಲ ಎರಡು ವರ್ಷ ಏರಿ, ಗದ್ದೆ, ತರಬೇತಿ. ಅಕ್ಕಿ ಬೆಲೆ ಏರಿದಾಗ ಸ್ವಲ್ಪ ಮಾರಿ, ಆದರೆ ಪೂರ್ತಿ ಮಾರಬೇಡಿ. ಉತ್ತರದ ಎಚಿಗೊದಲ್ಲಿ ಉಯೆಸುಗಿ ಕೆನ್ಶಿನ್ ಇದ್ದಾನೆ. ಅವನ ಜೊತೆ ಶಿಂಗೆನ್ ಕಾವಾನಾಕಾಜಿಮಾದಲ್ಲಿ 1553ರಿಂದ 1564ರವರೆಗೆ ಐದು ಸಲ ಕಾದಾಡಿದ, ಇಬ್ಬರೂ ಗೆಲ್ಲಲಿಲ್ಲ. ನೀವು ಆ ಹಟಕ್ಕೆ ಬೀಳಬೇಡಿ. ಅವನ ಜೊತೆ ಒಪ್ಪಂದ ಮಾಡಿಕೊಂಡು ದಕ್ಷಿಣಕ್ಕೆ, ಕಡಲ ಕಡೆಗೆ ಇಳಿಯಿರಿ.

ಒಂದು ತೊಂದರೆ ಇದೆ: ವಯಸ್ಸು. 1560ರಲ್ಲಿ ಶಿಂಗೆನ್‌ಗೆ ಆಗಲೇ ನಲವತ್ತರ ಹತ್ತಿರ. ಇತಿಹಾಸದಲ್ಲಿ ಅವನು 1573ರಲ್ಲಿ ದಂಡಯಾತ್ರೆಯ ನಡುವೆಯೇ ಕಾಯಿಲೆ ಬಿದ್ದು ಸತ್ತ. ಆಟದಲ್ಲೂ ದೊರೆಯ ಆರೋಗ್ಯ ಒಂದು ಅಂಕಿ, ಅದು ಇಳಿಯುತ್ತದೆ. ಶುರುವಿನಲ್ಲಿ ಆರೋಗ್ಯ, ಅದೃಷ್ಟ, ಬುದ್ಧಿ ಮುಂತಾದ ಅಂಕಿಗಳು ಗಿರಗಿರ ತಿರುಗುತ್ತವೆ, ನೀವು ಬಟನ್ ಒತ್ತಿ ನಿಲ್ಲಿಸಬೇಕು. ಆರೋಗ್ಯ ಕಡಿಮೆ ಬಿದ್ದರೆ ಸಂಕೋಚ ಬೇಡ, ಮತ್ತೆ ತಿರುಗಿಸಿ. ಇನ್ನೊಂದು ಮಾತು, 17 ಸೀಮೆಗಳ ಸಣ್ಣ ನಕ್ಷೆಯಲ್ಲೇ ಆಡಿ. 50ರದ್ದರಲ್ಲಿ ಅರ್ಧ ದೇಶ ಗೆದ್ದ ಮೇಲೆ ಪ್ರತಿ ಋತುವೂ ಒಂದೊಂದು ಸೀಮೆಗೆ ಆಜ್ಞೆ ಕೊಡುತ್ತಾ ಕೂರುವುದು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಸಹಿ ಹಾಕಿದ ಹಾಗೆ.

ಸಣ್ಣ ನಕ್ಷೆ ಗೆದ್ದ ಮೇಲೂ ಆಸೆ ಉಳಿದಿದ್ದರೆ ಮುಂದೆ ಇಡೀ ಜಪಾನನ್ನು ಆಳಿದ ತೊಕುಗಾವಾ ಇಯೆಯಾಸುವನ್ನು ನೋಡಿ. 1560ರಲ್ಲಿ ಅವನಿನ್ನೂ ಹದಿನೇಳರ ಹುಡುಗ. ನೊಬುನಾಗ ಮಾತ್ರ ಆಗಲೂ ಬೇಡ.