ಯುಪಿಐ ತಾನಾಗಿ ಪಡೆದ ರೂಪ

ಯುಪಿಐಯನ್ನು ಕೆಲವು ತಜ್ಞರು ಮೊದಲೇ ಪೂರ್ತಿಯಾಗಿ ಯೋಚಿಸಿ ಕಟ್ಟಿದ ಯಂತ್ರವೆಂಬಂತೆ ವರ್ಣಿಸುವ ಬರಹಗಳನ್ನು ಕಂಡಾಗಲೆಲ್ಲ ನನಗೆ ಅಸಮಾಧಾನವಾಗುತ್ತದೆ. ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್‌ನಲ್ಲಿ ಪರಿಚಯಿಸಿದ್ದು ಬ್ಯಾಂಕುಗಳ ನಡುವೆ ಹಣ ಸಾಗುವ ನಿಯಮಗಳ ಚೌಕಟ್ಟನ್ನು. ಬ್ಯಾಂಕು, ಆ್ಯಪ್, ಅಂಗಡಿ, ಗಿರಾಕಿ ಮತ್ತು ಸರ್ಕಾರ ಒಬ್ಬರ ನಡೆಗೆ ಇನ್ನೊಬ್ಬರು ಹೊಂದಿಕೊಳ್ಳುತ್ತ ಹೋದಂತೆ ಅದು ಇಂದಿನ ರೂಪಕ್ಕೆ ಬಂದಿದೆ. ಅದೇ ವರ್ಷದ ನವೆಂಬರ್‌ನ ನೋಟು ರದ್ದತಿ ಕೊಟ್ಟ ನೂಕನ್ನು ಎಲ್ಲರೂ ಬಲ್ಲರು.

ಅಷ್ಟಾಗಿ ಚರ್ಚೆಯಾಗದಿರುವುದು ಶುಲ್ಕದ ವಿಷಯ. ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯಬಾರದೆಂಬ ನಿಯಮ 2020ರ ಜನವರಿಯಿಂದ ಜಾರಿಗೆ ಬಂದಾಗ ಸಣ್ಣ ಅಂಗಡಿಗಳಿಗೆ ಕ್ಯೂಆರ್ ಕೋಡ್ ಇಟ್ಟುಕೊಳ್ಳಲು ಧೈರ್ಯ ಬಂತು. ಆದರೆ ಪಾವತಿಯಿಂದ ಆದಾಯವಿಲ್ಲದ ಕಡೆ ವರ್ಷಗಟ್ಟಲೆ ನಷ್ಟ ತಾಳಿಕೊಳ್ಳಬಲ್ಲ ದೊಡ್ಡ ಬಂಡವಾಳಕ್ಕೇ ಉಳಿಗಾಲ. ವಹಿವಾಟಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಫೋನ್‌ಪೇ ಮತ್ತು ಗೂಗಲ್ ಪೇ ಎರಡರಲ್ಲೇ ಸಾಗುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಯಾವ ಆ್ಯಪ್‌ನ ಪಾಲೂ ಶೇ 30 ಮೀರಬಾರದೆಂದು ನಿಗಮ 2020ರ ನವೆಂಬರ್‌ನಲ್ಲೇ ಹೇಳಿತ್ತು. ಗಡುವು ಮೊದಲು 2024ರ ಕೊನೆಗೆ, ಆಮೇಲೆ 2026ರ ಕೊನೆಗೆ ಮುಂದಕ್ಕೆ ಹೋಯಿತು. ಕೋಟ್ಯಂತರ ಜನರಿಗೆ ರೂಢಿಯಾದದ್ದನ್ನು ಒಂದು ಸುತ್ತೋಲೆಯಿಂದ ಬದಲಿಸುವುದು ಕಷ್ಟ. ಇತ್ತ, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಲಾಗದ ವ್ಯಾಪಾರಿಯ ಮುಂದೆ ಜಮೆಯಾದ ಮೊತ್ತವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಬಂದು ಕುಳಿತಿತು. ಅದರ ತಿಂಗಳ ಬಾಡಿಗೆ ಕಂಪನಿಗಳಿಗೆ ಹೊಸ ಆದಾಯವಾಯಿತು.

2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ದಾಖಲೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿತು. ಜಮೆಯಾದ ಹಣದಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಮಾರಾಟವೆಷ್ಟು, ನೆಂಟರಿಷ್ಟರ ಕೈಸಾಲವೆಷ್ಟು ಎಂಬುದನ್ನು ಆ ದಾಖಲೆ ಹೇಳಲಾರದು. ಅದು ಇದ್ದದ್ದು ಹಣ ಸರಿಯಾಗಿ ತಲುಪಿತೇ ಎಂದು ನೋಡಲು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟ ಮೇಲೆ ವ್ಯಾಪಾರಿಗಳು ಜುಲೈ 25ರ ಬಂದ್ ಕೈಬಿಟ್ಟರು.

ಮರುತಿಂಗಳೇ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ದಾಟಿತು. ಬೆಂಗಳೂರಿನ ಅಂಗಡಿಗಳ ಅಂಜಿಕೆ ಆ ಅಂಕಿಯಲ್ಲಿ ಕಾಣಲೇ ಇಲ್ಲ. ಈ ವ್ಯವಸ್ಥೆಗೆ ನಿಯಮ ಬರೆಯುವವರು ಒಟ್ಟು ಮೊತ್ತದ ಜೊತೆಗೆ ಯಾವ ಊರಿನ, ಯಾವ ಗಾತ್ರದ ಅಂಗಡಿ ಹಿಂದೆ ಸರಿಯುತ್ತಿದೆ ಎಂಬುದನ್ನೂ ತಿಂಗಳು ತಿಂಗಳು ನೋಡಬೇಕೆಂಬುದು ನನ್ನ ಆಗ್ರಹ.