ಇಷ್ಟು ಹೊತ್ತು ಆಡಿ ಒಂದೇ ರನ್ನಾ?

ನನಗೆ ಬೇಸ್‌ಬಾಲ್ ಹುಚ್ಚು ಎಂದು ಗೊತ್ತಾದ ಕ್ರಿಕೆಟ್ ಗೆಳೆಯರೆಲ್ಲ ಕೊನೆಗೆ ಕೇಳುವುದು ಇದನ್ನೇ: "ಮೂರು ಗಂಟೆ ಕೂತ್ಕೊಂಡು ನೋಡಿದ್ಮೇಲೆ ಸ್ಕೋರು 1-0 ಅಂತೀಯಲ್ಲ ಗುರು, ಅದ್ರಲ್ಲಿ ನೋಡೋಕೇನಿರುತ್ತೆ?"

ಆಕಳಿಕೆ ತರಿಸುವ 1-0 ಪಂದ್ಯಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಗಟ್ಟಿಗರಾಗಿದ್ದ ದಿನ ನಾನು ಎಣಿಸುವುದು ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡಲಾಗದೆ ಹಿಂದಿರುಗಿದ ರನ್ನುಗಳನ್ನು. ಕೇಳಿದವರಿಗೆಲ್ಲ ಒಂದೇ ಪಂದ್ಯ ತೋರಿಸುತ್ತೇನೆ: ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ 1991ರ ಏಳನೆಯ, ಕೊನೆಯ ಪಂದ್ಯ. ಅಕ್ಟೋಬರ್ 27, ಮಿನಿಯಾಪೊಲಿಸ್‌ನ ಮೆಟ್ರೋಡೋಮ್. ಮಿನೆಸೋಟ ಟ್ವಿನ್ಸ್ ಮತ್ತು ಅಟ್ಲಾಂಟ ಬ್ರೇವ್ಸ್, ಎರಡೂ ಹಿಂದಿನ ವರ್ಷ ತಮ್ಮ ಗುಂಪಿನಲ್ಲಿ ಕೊನೆಗೆ ಬಿದ್ದಿದ್ದ ತಂಡಗಳು. ಟ್ವಿನ್ಸ್ ಪರ ಎಸೆಯಲು ನಿಂತವರು ಅಲ್ಲೇ ಪಕ್ಕದ ಸೇಂಟ್ ಪಾಲ್‌ನಲ್ಲಿ ಹುಟ್ಟಿದ, 36 ವರ್ಷದ ಜಾಕ್ ಮಾರಿಸ್. ಎದುರಿಗೆ 24ರ ಜಾನ್ ಸ್ಮೋಲ್ಟ್ಸ್, ಮಾರಿಸ್ ಆಟ ನೋಡಿಯೇ ಬೆಳೆದ ಮಿಷಿಗನ್ ಹುಡುಗ.

ಬೇಸ್‌ಬಾಲ್‌ನಲ್ಲಿ ಒಂದೊಂದು ತಂಡಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ಮೂರು ಔಟ್; ಮೂರು ಬೇಸ್ ದಾಟಿ ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಇಲ್ಲಿ ಏಳು ಇನಿಂಗ್ಸ್ ಮುಗಿದರೂ 0-0. ಎಂಟರಲ್ಲಿ ಬ್ರೇವ್ಸ್‌ನ ಲಾನಿ ಸ್ಮಿತ್ ಮೊದಲ ಬೇಸ್ ಸೇರಿದರು. ಮುಂದಿನವರು ಟೆರಿ ಪೆಂಡಲ್ಟನ್. ಬಾರಿಸಿದ ಚೆಂಡು ಎಡಗಡೆಯ ದೂರದ ಖಾಲಿ ಜಾಗಕ್ಕೆ ಹೋಯಿತು. ಸ್ಮಿತ್ ಸೀದಾ ಓಡಿದ್ದರೆ ರನ್ ಖಚಿತವಾಗಿತ್ತು. ಅಷ್ಟರಲ್ಲಿ ಟ್ವಿನ್ಸ್‌ನ ನಾಬ್ಲಾಕ್ ಮತ್ತು ಗ್ಯಾಗ್ನಿ, ಚೆಂಡು ತಮ್ಮ ಬಳಿಯೇ ಇದೆ ಎಂಬಂತೆ ಹಿಡಿದು ಎಸೆಯುವ ನಟನೆ ಮಾಡಿದರು! ಚೆಂಡೆಲ್ಲಿದೆ ಎಂದು ಕಾಣದೆ ಸ್ಮಿತ್ ಎರಡನೆಯ ಬೇಸ್ ಬಳಿ ತಡವರಿಸಿ, ಮೂರನೆಯದರಲ್ಲಿ ನಿಂತುಬಿಟ್ಟರು.

ಜನ ನೆನಪಿಡುವುದು ಈ ನಾಟಕವನ್ನು. ನನಗೆ ಇಷ್ಟ ಅದರ ನಂತರದ್ದು. ಎರಡು, ಮೂರನೆಯ ಬೇಸ್‌ಗಳಲ್ಲಿ ಓಟಗಾರರು, ಒಬ್ಬರೂ ಔಟಾಗಿಲ್ಲ. ಸ್ವಲ್ಪ ದೂರ ಹೋಗುವ ಒಂದು ಎತ್ತರದ ಹೊಡೆತ ಕ್ಯಾಚ್ ಆದರೂ, ಆಮೇಲೆ ಮೂರನೆಯ ಬೇಸಿನವರು ಓಡಿಬಂದು ರನ್ ಬಂದಂತೆಯೇ. ಮಾರಿಸ್ ಅದಕ್ಕೂ ಆಸ್ಪದ ಕೊಡಲಿಲ್ಲ. ರಾನ್ ಗ್ಯಾಂಟ್ ಹೊಡೆತ ನೆಲ ಕಚ್ಚಿ ಮೊದಲ ಬೇಸ್ ಕಡೆ ಉರುಳಿತು, ಔಟ್. ಡೇವಿಡ್ ಜಸ್ಟಿಸ್‌ಗೆ ಹೊಡೆಯಲಾಗದಷ್ಟು ದೂರ ಎಸೆದು ಬೇಕೆಂದೇ ಮೊದಲ ಬೇಸ್ ಬಿಟ್ಟುಕೊಟ್ಟು, ಬೇಸ್‌ಗಳೆಲ್ಲ ಭರ್ತಿ: ಹೀಗಾದರೆ ಯಾವ ಬೇಸಿನಲ್ಲಾದರೂ ಔಟ್ ಮಾಡುವುದು ಸುಲಭ. ಸಿಡ್ ಬ್ರೀಮ್ ಹೊಡೆದದ್ದೂ ನೆಲದ ಮೇಲೆಯೇ: ಮೊದಲ ಬೇಸ್‌ನ ಹರ್ಬೆಕ್‌ರಿಂದ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ಗೆ, ಕ್ಯಾಚರ್‌ನಿಂದ ವಾಪಸ್ ಹರ್ಬೆಕ್‌ಗೆ. ಒಂದೇ ಏಟಿಗೆ ಎರಡು ಔಟ್. ಅದೇ ಇನಿಂಗ್ಸ್‌ನಲ್ಲಿ ಟ್ವಿನ್ಸ್ ಕೂಡ ಬೇಸ್ ಭರ್ತಿ ಮಾಡಿಕೊಂಡು ಒಂದೇ ಹೊಡೆತಕ್ಕೆ ಇಬ್ಬರನ್ನು ಕಳೆದುಕೊಂಡಿತು.

ಒಂಬತ್ತಾದರೂ 0-0, ಆಟ ಮುಂದುವರಿಯಲೇಬೇಕಿತ್ತು. ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲಿ ಮಾರಿಸ್‌ಗೆ ವಿಶ್ರಾಂತಿ ಕೊಡಬೇಕೆಂದಿದ್ದರು, ಮಾರಿಸ್ ಒಪ್ಪಲಿಲ್ಲ. ಹತ್ತನೆಯದನ್ನೂ ಎಸೆದು ಮುಗಿಸಿದರು, ಒಟ್ಟು 126 ಎಸೆತ. ಈಗಿನ ತಂಡಗಳಲ್ಲಿ ಐದಾರು ಇನಿಂಗ್ಸ್‌ಗೇ ಪಿಚರ್ ಬದಲಾಗುತ್ತಾರೆ. ಅದೇ ಬ್ಯಾಟರ್ ಮೂರನೆಯ ಸಲ ಎದುರಾದಾಗ ಎಸೆತದ ಗುಟ್ಟು ಅವನಿಗೆ ಹಿಡಿತಕ್ಕೆ ಬಂದಿರುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯೇ, ನನಗಂತೂ ಅದರಿಂದ ನಷ್ಟ.

ಹತ್ತರ ಕೆಳಾರ್ಧದಲ್ಲಿ, ಅಂದರೆ ಟ್ವಿನ್ಸ್ ಬ್ಯಾಟಿಂಗ್ ಸರದಿಯಲ್ಲಿ, ಡ್ಯಾನ್ ಗ್ಲ್ಯಾಡನ್ ಬ್ಯಾಟು ಮುರಿದುಕೊಂಡೇ ಎರಡನೆಯ ಬೇಸ್ ಸೇರಿದರು, ಮುಂದಿನ ಬ್ಯಾಟರ್‌ನ ಬಂಟ್‌ನಿಂದ (ಬ್ಯಾಟನ್ನು ಮೆಲ್ಲಗೆ ತಾಗಿಸಿ ಚೆಂಡನ್ನು ಹತ್ತಿರದಲ್ಲೇ ಬೀಳಿಸುವ ಹೊಡೆತ) ಮೂರಕ್ಕೆ ಹೋದರು. ಬ್ರೇವ್ಸ್ ಬೇಕೆಂದೇ ಇಬ್ಬರಿಗೆ ಬೇಸ್ ಬಿಟ್ಟುಕೊಟ್ಟು, ಫೀಲ್ಡರ್‌ಗಳನ್ನು ಮುಂದೆ ತಂದಿತು. ಬದಲಿಯಾಗಿ ಬಂದ ಜೀನ್ ಲಾರ್ಕಿನ್ ಆ ಫೀಲ್ಡರ್‌ಗಳ ತಲೆ ಮೇಲಿಂದ ಎತ್ತಿ ಹೊಡೆದರು. 1-0.

ಪೂರ್ತಿ ನೋಡುವ ಪುರುಸೊತ್ತಿಲ್ಲವೇ? ಎಂಟನೆಯ ಇನಿಂಗ್ಸ್ ಒಂದನ್ನೇ ನೋಡಿ, ಅದರಲ್ಲಿ ಒಂದೂ ರನ್ನಿಲ್ಲ.