ಬಿದ್ರಿ ಹೂಜಿಯ ಹೊಟ್ಟೆಯಲ್ಲಿ ನನ್ನ ಮುಖ

ಕೊನೆಗೂ ಸಿಕ್ಕಿತು. ಮೂರು ಭಾನುವಾರ, 180ಕ್ಕೂ ಜಾಸ್ತಿ ಫ್ರೇಮು, ಅಪ್ಪನ ಒಂದು ಧೋತ್ರ. ಇಷ್ಟೆಲ್ಲ ಖರ್ಚಾದ ಮೇಲೆ ಹೂಜಿಯ ಫೋಟೊದಲ್ಲಿ ಹೂಜಿ ಮಾತ್ರ ಇದೆ. ನಾನಿಲ್ಲ.

ಬೀದರಿನ ಚೌಬಾರಾ ಹತ್ತಿರ ಬಿದ್ರಿ ಕೆಲಸ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸೋದು) ಮಾಡುವ ಚಾಚಾ ಒಬ್ಬರು ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸೋಕೆ ಫೋಟೊ ಕೇಳಿದ್ದರು. ತಟ್ಟೆ, ಡಬ್ಬಿ, ಕಿವಿಯೋಲೆ ಎಲ್ಲ ಒಂದೇ ಸಂಜೆಗೆ ಮುಗಿದವು. ಅದರ ಬಗ್ಗೆ ಬರೆಯೋದೇನೂ ಇಲ್ಲ. ಉಳಿದಿದ್ದು 8 ಇಂಚಿನ ಈ ಹೂಜಿ. ಗುಂಡು ಹೊಟ್ಟೆ, ಉದ್ದ ಕುತ್ತಿಗೆ, ಮೈತುಂಬ ಬೆಳ್ಳಿ ಬಳ್ಳಿ.

ಮೊದಲ ಪೆಟ್ಟು ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರ್‌ನದು. ಫ್ರೇಮಿನ ತುಂಬ ಕಪ್ಪು ಕಂಡರೆ ಕ್ಯಾಮೆರಾಗೆ ಗಾಬರಿ, ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡುತ್ತದೆ. ಕಪ್ಪು ಬೂದಿಯಾಯಿತು, ಬೆಳ್ಳಿ ಸುಣ್ಣವಾಯಿತು. ಇದಕ್ಕೆ ಮದ್ದು: ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕನ್ನು ನಾವೇ ಏರಿಸಿ ಇಳಿಸೋ ಸೆಟ್ಟಿಂಗ್) ಮೈನಸ್‌ಗೆ ಇಳಿಸಿ, ಹಿಸ್ಟೋಗ್ರಾಮ್ ಅನ್ನೋ ಬೆಳಕಿನ ನಕ್ಷೆಯ ಬಲ ತುದಿ, ಅಂದರೆ ಬಿಳಿಯ ಕಡೆ, ಗೋಡೆಗೆ ಬಡಿಯದ ಹಾಗೆ ನೋಡಿಕೊಳ್ಳೋದು. ನನಗೆ ಮೈನಸ್ 1.7ಕ್ಕೆ ಸರಿಹೋಯಿತು.

ಆಮೇಲೆ ಶುರುವಾಗಿದ್ದು ನಿಜವಾದ ತಲೆನೋವು. ದೊಡ್ಡದು ಮಾಡಿ ನೋಡಿದರೆ ಹೂಜಿಯ ಹೊಟ್ಟೆಯಲ್ಲಿ ಬಳ್ಳಿ ಬಳ್ಳಿಗೂ ನಾನು. ಕೆಂಪು ಟೀ ಶರ್ಟ್, ಟ್ರೈಪಾಡ್, ಹಿಂದೆ ಫ್ರಿಜ್ಜು, ಫ್ರಿಜ್ಜಿನ ಮೇಲೆ ಬಾಳೆಹಣ್ಣು.

ಪೋಲರೈಜರ್ (ಹೊಳಪು ತಗ್ಗಿಸೋಕೆ ಲೆನ್ಸ್ ಮುಂದೆ ಹಾಕೋ ಫಿಲ್ಟರ್) ಹಾಕಿದರೆ ಹೋಗುತ್ತೆ ಅಂದ ಅಂಗಡಿಯವನ ಮಾತು ನಂಬಿದ್ದು ನನ್ನದೇ ತಪ್ಪು. ಅದು ನೀರು, ಗಾಜು, ಎಲೆಯ ಹೊಳಪಿಗೆ ಸರಿ. ಬರಿ ಲೋಹದ ಹೊಳಪಿನ ಮುಂದೆ ಅದರ ಆಟ ನಡೆಯೋದಿಲ್ಲ. ಅದೂ 58 ಮಿ.ಮೀ. ಸೈಜಿನದ್ದು ಕೇಳಿದರೆ 52ರದ್ದು ಕಳಿಸಿದ್ದ. ವಾಪಸ್ ತಗೋ ಅಂದರೆ "ಪ್ಯಾಕ್ ಒಡದೀರಲ್ಲ ಸರ್" ಅಂತಾನೆ. ಒಡೆಯದೆ ಸೈಜು ನೋಡೋದು ಹ್ಯಾಂಗಪ್ಪಾ? ಆನ್‌ಲೈನಿನಲ್ಲಿ ತರಿಸಿದ ಲೈಟ್ ಟೆಂಟ್‌ನ (ವಸ್ತುವನ್ನು ಒಳಗಿಟ್ಟು ಫೋಟೊ ತೆಗೆಯೋ ಬಿಳಿ ಬಟ್ಟೆಯ ಡಬ್ಬಿ) ಕಥೆ ಇನ್ನೂ ಚೆಂದ. ಅದರ ಮಡಿಕೆಗಳು ಒಂದೂ ಬಿಡದೆ ಬೆಳ್ಳಿಯಲ್ಲಿ ಮೂಡಿದವು. ಜೊತೆಗೆ ಬಂದ ಎಲ್‌ಇಡಿ ಪಟ್ಟಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿನ 1/250 ಶಟರ್ ವೇಗದಲ್ಲಿ ತೆಗೆದರೆ ಫೋಟೊ ತುಂಬ ಅಡ್ಡ ಪಟ್ಟೆ.

ಎರಡನೇ ಭಾನುವಾರ ರಾತ್ರಿ ಹೂಜಿಯನ್ನು ಸುಮ್ನೆ ಕೈಯಲ್ಲಿ ತಿರುಗಿಸುತ್ತ ಕೂತಿದ್ದೆ. ಗೋಡೆಯ ಕಡೆ ಹಿಡಿದರೆ ಬೆಳ್ಳಿ ಬೆಳ್ಳಗೆ. ಕತ್ತಲ ಬಾಗಿಲ ಕಡೆ ಹಿಡಿದರೆ ಅದೇ ಬೆಳ್ಳಿ ಕಪ್ಪು, ಬಳ್ಳಿಯೇ ಮಾಯ. ಆಗ ತಲೆಗೆ ಹೋಯಿತು. ನಾನು ಇಷ್ಟು ದಿನ ಹೂಜಿಗೆ ಬೆಳಕು ಬಿಡುತ್ತಿದ್ದೆ. ಬೆಳ್ಳಿ ಕನ್ನಡಿ, ಅದಕ್ಕೆ ಬೇಕಾಗಿದ್ದು ನೋಡೋಕೆ ಒಂದು ಬಿಳಿ ವಸ್ತು.

ಅಪ್ಪನ ಧೋತ್ರ ಇಸ್ತ್ರಿ ಮಾಡಿ, ಎಡಗಡೆ ಕಿಟಕಿಯಿಂದ ಹೂಜಿಯ ಮುಂದಕ್ಕೂ ಸುತ್ತಿ ಬರುವ ಹಾಗೆ ಕಟ್ಟಿದೆ. ಬಲಕ್ಕೆ ಥರ್ಮಾಕೋಲ್ ಹಲಗೆ. ಲೆನ್ಸ್ ಇಣುಕೋಕೆ ಧೋತ್ರದಲ್ಲಿ ನಾಲ್ಕು ಬೆರಳಿನ ಸೀಳು. ಹೌದು, ಕತ್ತರಿ ಹಾಕಿದೆ. ಅವ್ವ ಬಾಗಿಲಲ್ಲೇ ನಿಂತು, "ಏನ್ ಮಾಡ್ಲಕತ್ತಿಯೋ? ನಿಮ್ಮಪ್ಪಗ ಏನಂತ ಹೇಳ್ಲಿ?" ಅಂದಳು. 18-55 ಲೆನ್ಸ್ ಬಿಚ್ಚಿಟ್ಟು, ದೂರದ್ದು ಹತ್ತಿರ ತರುವ 55-250 ಹಾಕಿ, ಜೂಮ್ 135ಕ್ಕೆ ಇಟ್ಟು ಎರಡು ಮೀಟರ್ ಹಿಂದೆ ಸರಿದೆ. ಸೀಳು ದೂರ ಇದ್ದಷ್ಟೂ ಬೆಳ್ಳಿಯಲ್ಲಿ ಅದರ ಬಿಂಬ ಸಣ್ಣ. ಹೊಟ್ಟೆಯ ನಡುವೆ ಅದರದ್ದೊಂದು ಸಣ್ಣ ಕಪ್ಪು ಗೆರೆ ಉಳಿಯಿತು. ಅಳಿಸೋಣ ಅಂದುಕೊಂಡೆ. ನೋಡಿದರೆ ಹೂಜಿ ಗುಂಡಗಿದೆ ಅಂತ ಹೇಳ್ತಿರೋದೇ ಆ ಗೆರೆ. ಬಿಟ್ಟೆ.

ಬೆಳ್ಳಿ ಗೆದ್ದೆ, ಕಪ್ಪು ಕೈಕೊಟ್ಟಿತು! ಸುತ್ತ ಬಿಳಿ ಬಂದ ಮೇಲೆ ಕಪ್ಪು ಮೈ ಮೇಲೆ ಮಂಜು ಕೂತ ಹಾಗೆ ಮಸುಕು. ಮತ್ತೆ ಒಂದು ವಾರ ಹೋಯಿತು. ಬೇಸತ್ತು ಫೋಟೊ ಹಿಡಿದು ಚಾಚಾ ಹತ್ತಿರ ಹೋದೆ. ನೋಡಿದವರೇ ನಕ್ಕರು. "ಎಣ್ಣಿ ಐತಿ ಬೇಟಾ. ಕಪ್ಪು ಕಾಣಲಿ ಅಂತ ನಾನೇ ಹಚ್ಚೀನಿ. ಜಾಸ್ತಿ ಆಗೇತಿ, ಒರಸು."

ಬೀದರ ಕೋಟೆಯ ಮಣ್ಣು, ನವಸಾಗರದ ಉಪ್ಪು ಕಲಸಿ ತಿಕ್ಕಿದಾಗ ಸತುವು, ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗಲ್ಲ. ಇದು ಬೀದರಿನಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಕೊನೆಗೆ ಎಣ್ಣೆ ಸವರ್ತಾರೆ ಅನ್ನೋದೂ ಗೊತ್ತಿತ್ತು. ಆದರೂ ಆ ಎಣ್ಣೆಯ ಹೊಳಪೇ ಸುತ್ತಲ ಬಿಳಿಯನ್ನು ಮಂಜಾಗಿ ತೋರಿಸ್ತಿದೆ ಅಂತ ಹೊಳೀಲಿಲ್ಲ ನೋಡಿ. ಪೂರ್ತಿ ಒರೆಸಿದರೆ ಕಪ್ಪು ಸಪ್ಪೆಯಾಗುತ್ತದೆ. ಹಳೆ ಮಲ್ ಬಟ್ಟೆಯಿಂದ, ಬೆರಳಿಗೆ ಜಿಡ್ಡು ಹತ್ತದಷ್ಟು ಒರೆಸಿ ನಿಲ್ಲಿಸಬೇಕು.

ಕೊನೆಯ ಫ್ರೇಮಿನ ಸೆಟ್ಟಿಂಗ್: ಐಎಸ್‌ಒ 100, ಎಫ್/11, ಅರ್ಧ ಸೆಕೆಂಡು, ಎರಡು ಸೆಕೆಂಡಿನ ಟೈಮರ್, ಕಿಟಕಿ ಬೆಳಕು ಮಾತ್ರ. ಆ ಮಿನುಗುವ ಪಟ್ಟಿಗೆ ಈಗ ದೇವರ ಗೂಡಿನಲ್ಲಿ ಕೆಲಸ ಸಿಕ್ಕಿದೆ.

ಹೂಜಿ ಮುಗಿಯುವ ಮೊದಲೇ ತಲೆ ಬೀದರಿನ ಪಕ್ಕದ ಅಷ್ಟೂರಿಗೆ ಹೋಗಿಬಿಟ್ಟಿದೆ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗೋರಿಯ ಗುಮ್ಮಟದ ಒಳಗಿನ ಬಣ್ಣದ ಚಿತ್ರಗಳು. ಒಳಗೆ ಕತ್ತಲು, ಫ್ಲ್ಯಾಶ್ ಹಾಕೋ ಮಾತೇ ಇಲ್ಲ. ಕ್ಯಾಮೆರಾ ಮೇಲ್ಮುಖ ಇಟ್ಟು ಬೇರೆ ಬೇರೆ ಎಕ್ಸ್‌ಪೋಶರಿನ ಐದು ಫ್ರೇಮು ತೆಗೆದು ಸೇರಿಸಬೇಕು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅರ್ಜಿ ಬರೆಯೋದು ಸೋಮವಾರ.

ಅಪ್ಪ ಶುಕ್ರವಾರ ಹುಮನಾಬಾದಿನಿಂದ ಬರ್ತಾರೆ. ಅದಕ್ಕೂ ಮೊದಲು ಬಜಾರಿಗೆ ಹೋಗಿ ಧೋತ್ರ ತರಬೇಕು, ಅದೇ ಅಂಚಿನದ್ದು.